ಐನ್‌ಮನೆ ನಾಟಕದಲ್ಲಿ ಶಾಪಕ್ಕೆ ಎಷ್ಟು ಜಾಗ ಕೊಡಬೇಕು?

ಪ್ರಶ್ನೆ: ಸರ್, ನಾನು ವಿರಾಜಪೇಟೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಊರಿನ ಹದಿನಾಲ್ಕು ಜನ ಸೇರಿ ಒಂದು ನಾಟಕ ಆಡಬೇಕು ಅಂತಿದ್ದೇವೆ. ಬರೆದವಳು ನಾನೇ. ಕಾಫಿ ತೋಟದ ನಡುವೆ ಇರುವ ಒಂದು ಐನ್‌ಮನೆಯ, ಅಂದರೆ ಕೊಡವ ಮನೆತನದ ಮೂಲಮನೆಯ ಕಥೆ. ಹಿಂದೆ ಯಾವಾಗಲೋ ಆ ಮನೆಯಿಂದ ಹೊರಹಾಕಿಸಿಕೊಂಡ ಹೆಂಗಸೊಬ್ಬಳು "ಮೂರನೇ ತಲೆಗೆ ಇಲ್ಲಿ ದೀಪ ಹಚ್ಚಲು ಗಂಡು ದಿಕ್ಕಿಲ್ಲದೆ ಹೋಗಲಿ" ಅಂತ ಶಾಪ ಹಾಕಿರುತ್ತಾಳೆ. ಅದರಂತೆ ದೊಡ್ಡ ಮಗ ಬೆಂಗಳೂರು ಸೇರಿದವನು ವಾಪಸ್ ಬರುವುದಿಲ್ಲ. ಅಪ್ಪ ಸಾಲ ಮಾಡುತ್ತಾರೆ. ಸಾಲ ತೀರಿಸಲು ತೋಟದ ಮರ ಮಾರುತ್ತಾರೆ. ಆಮೇಲೆ ಗಿಡಗಳಿಗೆ ಬೋರರ್ ಬೀಳುತ್ತದೆ. ಚಿಕ್ಕ ಮಗ ಮನೆಯ ಕೋವಿಯಿಂದಲೇ ಪ್ರಾಣ ಕಳೆದುಕೊಳ್ಳುತ್ತಾನೆ. ಮಗಳು ನೆಲ್ಲಕ್ಕಿ ನಡುಬಾಡೆಯ (ಮನೆಯ ನಡುಕೋಣೆಯ) ದೀಪದ ಮುಂದೆ ಕೂತು ಅಳುವಾಗ ನಾಟಕ ಮುಗಿಯುತ್ತದೆ. ಒಟ್ಟು ಎರಡೂವರೆ ಗಂಟೆ.

ರಿಹರ್ಸಲ್ ಶುರುವಾದ ಮೇಲೆ ಒಂದರ ಮೇಲೊಂದು ತೊಂದರೆ. ಅಪ್ಪನ ಪಾತ್ರ ಮಾಡುವವರ ತಾಯಿ ಆಸ್ಪತ್ರೆ ಸೇರಿದರು. ನಮ್ಮ ದೊಡ್ಡಪ್ಪ, "ಮನೆ ಹಾಳಾಗುವ ಕಥೆ ಆಡಬೇಡಿ, ಕಾರಣ ಮುನಿಯುತ್ತದೆ" ಅಂದರು. ಕಾರಣ ಅಂದರೆ ನಾವು ಪೂಜಿಸುವ ಮನೆತನದ ಹಿರಿಯರು. ಊರಿನ ಇನ್ನೊಂದು ಕುಟುಂಬದವರು ಇದು ನಮ್ಮ ಮನೆ ಕಥೆಯೇ ಅಂತ ಕೋಪ ಮಾಡಿಕೊಂಡಿದ್ದಾರೆ. ಮೈಸೂರಿನಲ್ಲಿ ನಾಟಕ ಮಾಡುವ ಗೆಳತಿ ಓದಿ, "ವಿಧಿ ಎಲ್ಲ ಹಳೇ ಕಾಲದ್ದು, ತೆಗೆದುಹಾಕು" ಅಂದಳು. ನನಗೂ ಅರ್ಧದ ನಂತರ ಎಳೆದ ಹಾಗೆ ಅನ್ನಿಸುತ್ತಿದೆ. ರಂಗದ ಮೇಲೆ ನಿಜವಾದ ಕೋವಿ ಬಳಸಬಹುದಾ ಅಂತಲೂ ಕೇಳಬೇಕಿತ್ತು. ಬಿಟ್ಟುಬಿಡಲಾ, ಮುಂದುವರಿಸಲಾ?

ಉತ್ತರ: ಮುಂದುವರಿಸಿ, ಮೇಡಂ. ನಿಮ್ಮ ಕಥೆಯಲ್ಲಿ ಜೀವ ಇದೆ. ಆದರೆ ಈಗ ಇರುವ ಹಾಗೆ ಆಡಬೇಡಿ. ಎರಡು ಮೂರು ಕಡೆ ಗಟ್ಟಿಯಾಗಿ ಕೈ ಹಾಕಬೇಕು. ಅದರಲ್ಲೂ ಚಿಕ್ಕ ಮಗನ ಸಾವಿನ ವಿಷಯ ನನಗೆ ತುಂಬ ಮುಖ್ಯ. ಅಲ್ಲಿಗೆ ಬರುತ್ತೇನೆ.

ಮೊದಲು ನಿಮ್ಮ ದೊಡ್ಡಪ್ಪನವರ ಮಾತು. ನಾನು ಮೂವತ್ತು ವರ್ಷಕ್ಕಿಂತ ಜಾಸ್ತಿ ಹವ್ಯಾಸಿ ತಂಡಗಳಿಗೆ ನಾಟಕ ಕಟ್ಟಿಸಿದ್ದೇನೆ. ಎರಡು ತಿಂಗಳ ರಿಹರ್ಸಲ್, ಹದಿನಾಲ್ಕು ಜನ ಅಂದರೆ ಹದಿನಾಲ್ಕು ಮನೆ. ಇಷ್ಟು ಮನೆಗಳಲ್ಲಿ ಎರಡು ತಿಂಗಳು ಯಾರಿಗೂ ಹುಷಾರು ತಪ್ಪದೆ ಇದ್ದದ್ದನ್ನು ನಾನು ನೋಡಿಲ್ಲ. ನಗೆ ನಾಟಕ ಮಾಡುವಾಗಲೂ ಯಾರದ್ದೋ ತಾಯಿ ಆಸ್ಪತ್ರೆ ಸೇರಿದ್ದಾರೆ. ಆಗ ಯಾರೂ ನಾಟಕಕ್ಕೂ ಅದಕ್ಕೂ ಗಂಟು ಹಾಕಲಿಲ್ಲ, ಅಷ್ಟೇ. ಆ ತಾಯಿಯನ್ನು ನೀವೆಲ್ಲ ಹೋಗಿ ನೋಡಿಕೊಂಡು ಬನ್ನಿ. ಮಗನಿಗೆ ಒಂದು ವಾರ ರಜೆ ಕೊಡಿ. ಅದಕ್ಕೆ ಅಷ್ಟು ಸಾಕು.

ಆದರೆ ದೊಡ್ಡಪ್ಪನ ಜೊತೆ ವಾದ ಮಾಡಬೇಡಿ. ಅವರ ಮಾತಿನಲ್ಲಿ ನೀವು ಕೇಳಿಸಿಕೊಳ್ಳಬೇಕಾದ್ದು ಒಂದಿದೆ. ನಿಮಗೆ ಕಾರಣ ಅನ್ನುವುದು ನಾಟಕದ ಒಂದು ಮಾತು ಇರಬಹುದು. ಅವರಿಗೆ ಅದು ಕೈಮಡದಲ್ಲಿ (ಹಿರಿಯರ ಗುಡಿಯಲ್ಲಿ) ನೆನೆಯುವ, ವರ್ಷಕ್ಕೊಮ್ಮೆ ಎಡೆ ಇಡುವ ಹಿರಿಯರು. ಒಂದು ವಿಷಯ ಕೇಳಲಾ? ನೀವು ರಿಹರ್ಸಲ್ ಎಲ್ಲಿ ಮಾಡುತ್ತಿದ್ದೀರಿ? ನಿಮ್ಮ ಐನ್‌ಮನೆಯ ನಡುಬಾಡೆಯಲ್ಲೇ, ನಿಜವಾದ ದೀಪದ ಕೆಳಗೆ ದಿನಾ ಸಂಜೆ ಆ ಶಾಪದ ಮಾತು ಹೇಳಿಸುತ್ತಿದ್ದರೆ, ಅವರಿಗೆ ನೋವಾಗಿರುವುದು ಅದಕ್ಕೆ. ನಾಳೆಯೇ ಶಾಲೆಯ ಕೋಣೆಗೆ ಜಾಗ ಬದಲಿಸಿ. ಇದು ಹೆದರಿ ಮಾಡುವ ಕೆಲಸವಲ್ಲ. ಮರ್ಯಾದೆ. ಹಾಗೆಯೇ ಕಾರಣ ತೆರೆಯನ್ನು, ಅಂದರೆ ಹಿರಿಯರು ಮೈಮೇಲೆ ಬರುವ ಆಚರಣೆಯನ್ನು, ವೇಷ ಮಾಡಿ ರಂಗಕ್ಕೆ ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ತೆರೆ ನೋಡುವವರು ಕೈಮುಗಿದು ನೋಡುತ್ತಾರೆ. ಅದನ್ನು ಮೇಕಪ್ ಹಾಕಿದ ನಟ ಮಾಡಿದರೆ ಭಕ್ತಿಯೂ ಇರುವುದಿಲ್ಲ, ನಾಟಕವೂ ಆಗುವುದಿಲ್ಲ.

ಇಷ್ಟಾದ ಮೇಲೆ ಅವರಿಗೆ ಹರದಾಸ ಅಪ್ಪಚ್ಚ ಕವಿಗಳ ನೆನಪು ಮಾಡಿಕೊಡಿ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನಾಟಕಕ್ಕೆ ಅಡಿಪಾಯ ಹಾಕಿದವರು ಅವರು. 1868ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡರು. ನಾಲ್ಕು ನಾಟಕ ಬರೆದರು: ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ. ಮೊದಲನೆಯದು 1906ರ ಯಯಾತಿ. ಯಯಾತಿಯ ಕಥೆ ಏನು? ಅಪ್ಪನಿಗೆ ಬಿದ್ದ ಶಾಪ ಮಗನ ತಲೆಗೆ ಬರುವ ಕಥೆ. ಸಾವಿತ್ರಿಯ ಕಥೆ ಏನು? ಗಂಡ ಒಂದೇ ವರ್ಷ ಬದುಕುತ್ತಾನೆ ಅಂತ ಮೊದಲೇ ಗೊತ್ತಿರುವ ಹೆಂಗಸಿನ ಕಥೆ. ನಾಲ್ಕರಲ್ಲಿ ಎರಡು ನಾಟಕ ವಿಧಿಯ ಮೇಲೆ, ಸಂಸಾರದ ಮೇಲೆ. ಇಂಥ ಕಥೆ ಆಡಬಾರದು ಅನ್ನುವ ಕಟ್ಟು ನಮ್ಮ ನಾಡಿನಲ್ಲಿ ಇರಲಿಲ್ಲ.

ಈಗ ನಿಮ್ಮ ಗೆಳತಿಯ ಮಾತು. ಅವರು ಅರ್ಧ ಸರಿ. ವಿಧಿ ಹಳೆಯದಾಗಿಲ್ಲ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತವರನ್ನು ಮಾತಾಡಿಸಿ ನೋಡಿ, ಎಷ್ಟು ಓದಿದವರಾದರೂ "ಹಣೆಬರಹ" ಅಂತಾರೆ. ಆದರೆ ನೀವು ಅದನ್ನು ಬಳಸಿದ ರೀತಿ ಸರಿಯಿಲ್ಲ. ಯಯಾತಿಯನ್ನೇ ನೋಡಿ. ಶುಕ್ರಾಚಾರ್ಯರ ಶಾಪ ಸುಮ್ನೆ ಆಕಾಶದಿಂದ ಬೀಳುವುದಿಲ್ಲ. ಹೆಂಡತಿಗೆ ಮೋಸ ಮಾಡಿದ್ದಕ್ಕೆ ಬೀಳುತ್ತದೆ. ಶಾಪದಿಂದ ಬಂದದ್ದು ಮುಪ್ಪು. ಆ ಮುಪ್ಪನ್ನು ತೆಗೆದುಕೊಂಡು ನಿನ್ನ ಯೌವನ ಕೊಡು ಅಂತ ಮಗನ ಮುಂದೆ ಕೈ ಚಾಚಿದ್ದು ಯಯಾತಿಯೇ. ಅದನ್ನು ಯಾವ ಋಷಿಯೂ ಮಾಡಿಸಲಿಲ್ಲ. ನೋಡುವವರ ಹೊಟ್ಟೆ ಕಿವುಚುವುದು ಅಲ್ಲಿ. ಸಾವಿತ್ರಿಗೂ ಅಷ್ಟೇ. ವರ್ಷದ ಗಡುವು ಗೊತ್ತಿದ್ದೂ ಅವನನ್ನೇ ಮದುವೆ ಆಗುತ್ತೇನೆ ಅಂದವಳು ಅವಳೇ. ಅಲ್ಲಿ ಶಾಪ ಅಥವಾ ಭವಿಷ್ಯ ಕಥೆಯನ್ನು ಶುರು ಮಾಡುತ್ತದೆ, ಉಳಿದದ್ದನ್ನು ಮನುಷ್ಯರು ಮಾಡುತ್ತಾರೆ. ನಿಮ್ಮ ನಾಟಕದಲ್ಲಿ ಶಾಪವೇ ಶುರು ಮಾಡಿ, ಶಾಪವೇ ಮುಗಿಸುತ್ತದೆ. ನಡುವೆ ಇರುವ ಮನೆಯವರಿಗೆ ಮಾಡಲು ಏನೂ ಕೆಲಸವಿಲ್ಲ. ಅರ್ಧದ ನಂತರ ಎಳೆದ ಹಾಗೆ ಆಗುತ್ತಿರುವುದು ಅದರಿಂದಲೇ.

ನಿಮ್ಮ ಪತ್ರದಲ್ಲಿ ಒಂದು ವಾಕ್ಯ ಓದಿ ನಾನು ಅಲ್ಲೇ ನಿಂತೆ. "ಸಾಲ ತೀರಿಸಲು ತೋಟದ ಮರ ಮಾರುತ್ತಾರೆ. ಆಮೇಲೆ ಗಿಡಗಳಿಗೆ ಬೋರರ್ ಬೀಳುತ್ತದೆ." ನೀವು ಇದನ್ನು ಎರಡು ಬೇರೆ ಬೇರೆ ಕಷ್ಟ ಅಂತ ಬರೆದಿದ್ದೀರಿ. ಇವೆರಡೂ ಒಂದೇ. ಕೊಡಗಿನಲ್ಲಿ ಅರೇಬಿಕಾ ಬೆಳೆದವರು ಯಾರನ್ನೇ ಕೇಳಿ. ನೀವು ಹೇಳುವ ಬೋರರ್‌ಗೆ, ಅಂದರೆ ಬಿಳಿ ಕಾಂಡ ಕೊರಕಕ್ಕೆ, ಬಿಸಿಲು ಇಷ್ಟ. ನೆರಳು ಕಡಿಮೆಯಾದ ಕಡೆ, ಬಿಸಿಲು ನೇರ ಬೊಡ್ಡೆಗೆ ಬೀಳುವ ಕಡೆ ಆ ದುಂಬಿ ಬಂದು ತೊಗಟೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಹುಳು ಒಳಗೆ ಕೊರೆಯುತ್ತಾ ಹೋಗುತ್ತದೆ. ಎಲೆ ಹಳದಿ ಆಗುತ್ತದೆ, ಗಿಡ ಸೊರಗುತ್ತದೆ, ಬೊಡ್ಡೆಯ ಮೇಲೆ ಉಬ್ಬಿದ ಗೆರೆ ಕಾಣುತ್ತದೆ. ಅಷ್ಟು ಹೊತ್ತಿಗೆ ಆ ಗಿಡವನ್ನು ಕಿತ್ತು ಸುಡುವುದು ಬಿಟ್ಟು ಬೇರೆ ದಾರಿ ಕಡಿಮೆ. ಅದಕ್ಕೇ ನೆರಳು ಕಾಪಾಡಿಕೊಳ್ಳಿ ಅಂತ ತಲೆಮಾರುಗಳಿಂದ ಹೇಳುತ್ತಾ ಬಂದಿರುವುದು. ನಿಮ್ಮ ನಾಟಕದ ಅಪ್ಪ ಸಾಲ ತೀರಿಸಲು ನೆರಳು ಮಾರಿದರು. ನೆರಳಿನ ಹಿಂದೆ ಗಿಡವೂ ಹೋಯಿತು.

ಇದಕ್ಕಿಂತ ದೊಡ್ಡ ದುರಂತ ನಿಮಗೆ ಬೇಕಾ? ಶಾಪ ಹಾಕಿದ ಹೆಂಗಸು ಮರ ಕಡಿಯಲಿಲ್ಲ. ಅಪ್ಪನೇ ಕಡಿಸಿದರು. ಅದೂ ಕೆಟ್ಟ ಮನಸ್ಸಿನಿಂದಲ್ಲ, ಮನೆ ಉಳಿಸಬೇಕು ಅಂತ.

ಇದನ್ನು ದೃಶ್ಯ ಮಾಡಿ. ಮರದ ವ್ಯಾಪಾರಿ ಬಂದಿದ್ದಾನೆ. ಟೇಪ್ ಹಿಡಿದು ಸುತ್ತಳತೆ ನೋಡುತ್ತಾ, ಬಣ್ಣದಲ್ಲಿ ಗುರುತು ಹಾಕುತ್ತಾ ಹೋಗುತ್ತಾನೆ. ಮರ ರಂಗದ ಮೇಲೆ ಬೇಕಿಲ್ಲ. ಅವನು ಪ್ರೇಕ್ಷಕರ ಕಡೆ ನೋಡಿ ಲೆಕ್ಕ ಹೇಳಿದರೆ ಸಾಕು, ಅವರೇ ಮರ ಆಗುತ್ತಾರೆ. ಚಿಕ್ಕ ಮಗ, "ಅಪ್ಪ, ಪಡುವಣ ಬದಿಯ ಸಾಲು ಮುಟ್ಟುವುದು ಬೇಡ, ಮಧ್ಯಾಹ್ನದ ಬಿಸಿಲು ಪೂರಾ ಗಿಡದ ಮೇಲೆ ಬರುತ್ತದೆ" ಅನ್ನಲಿ. ಅಪ್ಪ ಒಂದು ಗಳಿಗೆ ಸುಮ್ಮನಿರಲಿ. ಆ ಒಂದು ಗಳಿಗೆಯಲ್ಲಿ ನಿಮ್ಮ ಇಡೀ ನಾಟಕ ಇದೆ. ಆಮೇಲೆ "ಹಾಕು ಗುರುತು" ಅನ್ನಲಿ.

ಎರಡು ದೃಶ್ಯ ಆದ ಮೇಲೆ ಮಗಳು ಒಂದು ಕಿತ್ತ ಗಿಡ ತಂದು ಜಗಲಿಯ ಮೇಲೆ ಇಡಲಿ. ನಿಜವಾದ ಬೊಡ್ಡೆಯೇ ಇರಲಿ, ಹುಳು ತಿಂದದ್ದು. ಯಾರ ತೋಟದಲ್ಲಾದರೂ ಸಿಗುತ್ತದೆ. ಅಪ್ಪ ಅದನ್ನು ಮುರಿದು ಒಳಗಿನ ಪುಡಿಯನ್ನು ಅಂಗೈಗೆ ಸುರಿದುಕೊಂಡು ನೋಡಲಿ. ಮಾತು ಬೇಡ. ನಿಮ್ಮ ಸಭೆಯಲ್ಲಿ ಕೂತ ಅರ್ಧ ಜನ ಬೆಳೆಗಾರರು. ಅವರಿಗೆ ಆ ಪುಡಿ ಏನು ಅಂತ ಯಾರೂ ಹೇಳಬೇಕಿಲ್ಲ. ಆಗ ಅಪ್ಪ, "ಶಾಪ" ಅನ್ನಲಿ. ಮಗ ಉತ್ತರ ಕೊಡುವುದು ಬೇಡ. ಅಪ್ಪನಿಗೆ ಶಾಪ ಯಾಕೆ ಬೇಕಾಯಿತು ಅಂತ ಎಲ್ಲರಿಗೂ ಅರ್ಥ ಆಗುತ್ತದೆ. "ನಾನು ಮಾಡಿದೆ" ಅನ್ನುವುದಕ್ಕಿಂತ "ಶಾಪ ಇತ್ತು" ಅನ್ನುವುದು ಹೊರಲು ಹಗುರ. ಆ ಮನುಷ್ಯನನ್ನು ಬೈಯುವ ಹಾಗೆ ಬರೆಯಬೇಡಿ. ಪ್ರೀತಿಯಿಂದ ಬರೆಯಿರಿ. ನಾವೆಲ್ಲ ಒಂದಲ್ಲ ಒಂದು ಸಲ ಹಾಗೆ ಹೇಳಿಕೊಂಡಿದ್ದೇವೆ.

ಹಾಗಂತ ಎಲ್ಲವೂ ಅವರ ಕೈಯಾರೆ ಆದದ್ದು ಅಂತ ತೋರಿಸಿದರೆ ಅದೂ ಸುಳ್ಳು. ತೋಟದ ಬದುಕಿನಲ್ಲಿ ಕೈಯಲ್ಲಿ ಇಲ್ಲದ್ದು ತುಂಬ ಇದೆ. ಮಳೆ ಕೈಯಲ್ಲಿಲ್ಲ. ರೇಟ್ ಕೈಯಲ್ಲಿಲ್ಲ. ರೊಬಸ್ಟಾ ದರ ಲಂಡನ್ ಪೇಟೆ ನೋಡಿ ಏರಿಳಿಯುತ್ತದೆ, ಅರೇಬಿಕಾ ದರ ನ್ಯೂಯಾರ್ಕ್ ನೋಡಿ. ಮಾರ್ಚ್‌ನ ಹೂಮಳೆಯ ಒಂದು ದೃಶ್ಯ ಹಾಕಿ ನೋಡಿ. ಮೊಗ್ಗು ಕಾದು ನಿಂತಿದೆ. ಮಳೆ ಇಲ್ಲ. ಸ್ಪ್ರಿಂಕ್ಲರ್ ಹಾಕಬೇಕು ಅಂದರೆ ಡೀಸೆಲ್‌ಗೆ ದುಡ್ಡು ಬೇಕು. ಇರುವ ದುಡ್ಡು ಮಗಳ ಮದುವೆಗೆ ಅಂತ ಇಟ್ಟದ್ದು. ಅಪ್ಪ ಮೂರು ದಿನ ಮೋಡ ನೋಡುತ್ತಾರೆ, ನಾಲ್ಕನೇ ದಿನ ಆ ದುಡ್ಡು ತೆಗೆದು ಪಂಪ್ ಹಾಕಿಸುತ್ತಾರೆ. ಮರುದಿನ ಸಂಜೆ ಒಳ್ಳೆ ಮಳೆ. ಇಲ್ಲಿ ಯಾರ ತಪ್ಪು? ಯಾರದ್ದೂ ಅಲ್ಲ. ವಿಧಿ ಅನ್ನುವ ಮಾತು ಬರಬೇಕಾದ್ದು ಇಂಥ ಕಡೆ. ನೋಡುವವರು "ಅಯ್ಯೋ" ಅಂತಾರೆ, ಯಾಕಂದರೆ ಅವರ ಮನೆಯಲ್ಲೂ ಆಗಿದೆ. ಕೈಯಾರೆ ಮಾಡಿದ್ದು ಒಂದು ಎಳೆ, ಕೈಮೀರಿದ್ದು ಇನ್ನೊಂದು ಎಳೆ. ಎರಡನ್ನೂ ಸೇರಿಸಿ ಹೆಣೆಯಿರಿ. ಯಾವುದು ಯಾವುದು ಅಂತ ಅಪ್ಪನಿಗೇ ಗೊತ್ತಾಗಬಾರದು.

ಮಳೆ ಅಂದಾಗ ಒಂದು ಎಚ್ಚರಿಕೆ. 2018ರ ಆಗಸ್ಟ್‌ನ ಭೂಕುಸಿತವನ್ನು ನೀವು ಪತ್ರದಲ್ಲಿ ಹೇಳಿಲ್ಲ, ಆದರೆ ಕೊಡಗಿನ ನಾಟಕಕ್ಕೆ ಅದನ್ನು ಸೇರಿಸುವ ಆಸೆ ಯಾರಿಗಾದರೂ ಬರುತ್ತದೆ. ಅದಾಗಿ ಎರಡು ವರ್ಷಕ್ಕೆ ನಾವು ಒಂದು ನಾಟಕ ಆಡಿದೆವು. ಪರದೆಯ ಹಿಂದೆ ತಗಡು ಅಲ್ಲಾಡಿಸಿ ಗುಡುಗು, ಮೊರದಲ್ಲಿ ಕಾಳು ಉರುಳಿಸಿ ಮಳೆ. ಸದ್ದು ಏರುತ್ತಿದ್ದ ಹಾಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಎದ್ದು ಹೊರಗೆ ಹೋದರು. ಮಕ್ಕಂದೂರು ಕಡೆಯವರು. ಮನೆ ಹೋಗಿತ್ತು. ನಾಟಕ ಮುಗಿದ ಮೇಲೆ ನಾನು ಹೋಗಿ ಕ್ಷಮೆ ಕೇಳಿದೆ. ಅವರೇ ನನಗೆ ಸಮಾಧಾನ ಹೇಳಿದರು. ಅಂದಿನಿಂದ ನಾನು ಅಂಥ ದೃಶ್ಯ ಇದ್ದರೆ ಮೊದಲೇ ಮೈಕ್‌ನಲ್ಲಿ ತಿಳಿಸುತ್ತೇನೆ, ಸದ್ದು ಅರ್ಧಕ್ಕೆ ಇಳಿಸುತ್ತೇನೆ. ಕಥೆಗೆ ಬೇಕೇ ಬೇಕು ಅನ್ನಿಸದಿದ್ದರೆ ನೀವು ಅದನ್ನು ಮುಟ್ಟಬೇಡಿ.

ಅರ್ಧದ ನಂತರ ಬಿಗಿ ಬರಬೇಕು ಅಂದರೆ ಒಂದು ತಾರೀಕು ಇಟ್ಟುಕೊಳ್ಳಿ. ರಷ್ಯಾದ ಚೆಕಾಫ್ ಬರೆದ ಚೆರ್ರಿ ತೋಟದ ನಾಟಕ ನಿಮಗೆ ಗೊತ್ತಿರಬಹುದು. 1904ರಲ್ಲಿ ಮಾಸ್ಕೋದಲ್ಲಿ ಮೊದಲು ಆಡಿದರು. ಅಲ್ಲೂ ಸಾಲಕ್ಕೆ ಸಿಕ್ಕ ಮನೆ, ತೋಟ. ಆಗಸ್ಟ್ 22ಕ್ಕೆ ಹರಾಜು ಅಂತ ಮೊದಲ ಅಂಕದಲ್ಲೇ ಹೇಳುತ್ತಾರೆ. ಉಳಿಸಿಕೊಳ್ಳುವ ದಾರಿಯನ್ನೂ ಒಬ್ಬ ಹೇಳಿಕೊಡುತ್ತಾನೆ. ಮನೆಯವರು ಕೇಳುವುದಿಲ್ಲ. ಮಾತಾಡುತ್ತಾರೆ, ಕಾಫಿ ಕುಡಿಯುತ್ತಾರೆ, ಹಳೇ ನೆನಪು ತೆಗೆಯುತ್ತಾರೆ. ಹರಾಜು ರಂಗದ ಮೇಲೆ ನಡೆಯುವುದೇ ಇಲ್ಲ. ಆದರೂ ನೋಡುವವರು ಮೊದಲಿಂದ ಕೊನೆವರೆಗೆ ಆ ದಿನವನ್ನೇ ಎಣಿಸುತ್ತಾ ಕೂರುತ್ತಾರೆ. ಅಲ್ಲಿ ವಿಧಿ ಅಂದರೆ ಕ್ಯಾಲೆಂಡರ್. "ಮೂರನೇ ತಲೆಗೆ" ಅನ್ನುವ ಗಡುವು ತುಂಬ ದೂರ, ಅದಕ್ಕೆ ಹೆದರಿಕೆ ಬರುವುದಿಲ್ಲ. "ಪುತ್ತರಿ ಹಬ್ಬದ ಒಳಗೆ ಬ್ಯಾಂಕಿಗೆ ಸಹಿ ಆಗಬೇಕು" ಅಂದರೆ ಬರುತ್ತದೆ.

ಸಹಿಯ ವಿಷಯವನ್ನೇ ತೆಗೆದುಕೊಳ್ಳಿ. ಜಮ್ಮಾ ಜಾಗ ಅಂದರೆ ವಂಶಪಾರಂಪರ್ಯವಾಗಿ ಬಂದ ಜಾಗ. ಅದರ ಪಹಣಿಯಲ್ಲಿ ಪಟ್ಟೆದಾರರ ಹೆಸರು, ಜೊತೆಗೆ ಒಕ್ಕದವರ (ಇಡೀ ಮನೆತನದವರ) ಹೆಸರು. ಭಾಗ ಆಗದ ಜಾಗದ ಮೇಲೆ ಸಾಲ ಬೇಕು ಅಂದರೆ ಎಷ್ಟು ಬಾಗಿಲು ತಟ್ಟಬೇಕು ಅಂತ ನಿಮ್ಮ ಊರಿನವರಿಗೆ ಗೊತ್ತು. ದೊಡ್ಡ ಮಗ ಬೆಂಗಳೂರಿಂದ ಬರಲೇಬೇಕಾದ ಕಾರಣ ಇಲ್ಲಿ ಸಿಗುತ್ತದೆ. ಈಗ ಅವನು ನಿಮ್ಮ ನಾಟಕದಲ್ಲಿ ಮೊದಲ ದೃಶ್ಯದಲ್ಲಿ ಹೋದವನು ಮತ್ತೆ ಕಾಣುವುದೇ ಇಲ್ಲ. ಅವನನ್ನು ಒಂದು ರಾತ್ರಿಯ ಮಟ್ಟಿಗೆ ಕರೆಸಿ. ಅವನಿಗೂ ಒಂದು ನ್ಯಾಯ ಇದೆ. ಅವನ ಮಕ್ಕಳ ಸ್ಕೂಲ್ ಇದೆ, ಫ್ಲಾಟ್‌ನ ಸಾಲ ಇದೆ. ಅವನು ಕೆಟ್ಟವನಾದರೆ ನಾಟಕ ತೆಳ್ಳಗಾಗುತ್ತದೆ.

ಮಗಳ ಬಗ್ಗೆ ಒಂದು ಮಾತು. ಗಂಡು ದಿಕ್ಕಿಲ್ಲದಿದ್ದರೆ ಒಕ್ಕ ಮುಗಿಯಿತು ಅನ್ನುವ ನಂಬಿಕೆ ಮೇಲೆ ನಿಮ್ಮ ಶಾಪ ನಿಂತಿದೆ. ಹಳೇ ಕಟ್ಟುಪಾಡೇ ಅದನ್ನು ಒಪ್ಪುವುದಿಲ್ಲ. ಗಂಡು ಮಕ್ಕಳಿಲ್ಲದ ಮನೆಗೆ ಒಕ್ಕಪರಿಜೆ, ಮಕ್ಕಪರಿಜೆ ಅಂತ ದಾರಿ ಇತ್ತು. ಅಳಿಯನನ್ನು ಒಕ್ಕಕ್ಕೆ ಸೇರಿಸಿಕೊಂಡೋ, ಮಗಳ ಮಕ್ಕಳನ್ನು ಒಕ್ಕಕ್ಕೆ ಸೇರಿಸಿಕೊಂಡೋ ಹೆಸರು ಉಳಿಸಿದವರಿದ್ದಾರೆ. ದೊಡ್ಡಪ್ಪನವರನ್ನೇ ಕೇಳಿ, ಅವರಿಗೆ ಒಂದೆರಡು ಮನೆ ಗೊತ್ತಿರುತ್ತದೆ. ಇನ್ನು ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೇ ತಿದ್ದುಪಡಿ ಬಂತು. ಹೀಗಿರುವಾಗ ನಿಮ್ಮ ಮಗಳು ಯಾಕೆ ಅಳುತ್ತಾ ಕೂರಬೇಕು? ತೋಟದ ಲೆಕ್ಕದ ಪುಸ್ತಕ ಅವಳ ಕೈಯಲ್ಲಿ ಇರಲಿ. ಯಾವ ಬ್ಲಾಕ್‌ನಲ್ಲಿ ಎಷ್ಟು ಗಿಡ ಹೋಯಿತು ಅಂತ ಅವಳಿಗೆ ಗೊತ್ತಿರಲಿ. ಮನೆಯಲ್ಲಿ ಯಾರೂ ಅವಳನ್ನು ಕೇಳದಿರಲಿ. ಶಾಪದ ಮಾತಿನಲ್ಲಿ "ಗಂಡು" ಅಂತ ಇದೆ, ದೀಪ ಹಚ್ಚಲು ಬರುವವಳು ಇವಳು. ಅದನ್ನು ಬಾಯಲ್ಲಿ ಹೇಳಿಸಬೇಡಿ. ಅವಳು ಎಣ್ಣೆ ಹಾಕಿ ಬತ್ತಿ ಸರಿ ಮಾಡುವುದನ್ನು ಸುಮ್ನೆ ತೋರಿಸಿ.

ಲೈನ್ ಮನೆಯವರು, ಅಂದರೆ ತೋಟದ ಕೆಲಸಗಾರರು, ನಿಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ. ತೋಟ ಮಾರಿಹೋದರೆ ಮನೆಯವರಿಗೆ ಬೆಂಗಳೂರು ಇದೆ. ಮೂರು ತಲೆಯಿಂದ ಅಲ್ಲೇ ದುಡಿದ ಎರವ ಬುಡಕಟ್ಟಿನ ಮನೆಯವರಿಗೆ ಏನಿದೆ? ಒಂದು ಪಾತ್ರ ಬರೆಯಿರಿ. ನಗಿಸಲು ಇಟ್ಟ ಪಾತ್ರ ಆಗಬಾರದು. ಆಗುವುದಾದರೆ ಆ ಸಮುದಾಯದವರನ್ನೇ ಕರೆದು ಆಡಿಸಿ, ಮಾತನ್ನು ಅವರೇ ತಿದ್ದಲಿ.

ಈಗ ಚಿಕ್ಕ ಮಗ. ಇದನ್ನು ನಿಧಾನವಾಗಿ ಓದಿ. ಸಾಲಕ್ಕೆ ಸಿಕ್ಕಿದ ಮನೆಯ ಹುಡುಗ, ಮನೆಯ ಕೋವಿ, ಬೇರೆ ದಾರಿ ಇಲ್ಲದ ಹಾಗೆ ಕಾಣುವ ಕೊನೆ. ನಿಮ್ಮ ಸಭೆಯಲ್ಲಿ ಅದೇ ಸ್ಥಿತಿಯಲ್ಲಿ ಒಬ್ಬ ಕೂತಿರಬಹುದು. ಇದು ವಿಧಿ, ತಪ್ಪಿಸಲು ಆಗುವುದಿಲ್ಲ ಅಂತ ನೀವು ಎರಡೂವರೆ ಗಂಟೆ ಹೇಳಿ, ಕೊನೆಗೆ ಆ ಸಾವು ತೋರಿಸಿದರೆ ಅವನಿಗೆ ಏನು ಹೇಳಿದ ಹಾಗಾಯಿತು? ನಾನು ಇದರಲ್ಲಿ ತಪ್ಪು ಮಾಡಿದ್ದೇನೆ. ಚಿಕ್ಕ ವಯಸ್ಸಿನಲ್ಲಿ ಒಂದು ನಾಟಕದಲ್ಲಿ ಇಂಥ ಸಾವನ್ನು ಬೆಳಕು, ಸಂಗೀತ ಎಲ್ಲ ಹಾಕಿ ಚಂದ ಮಾಡಿ ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಹಾಗೆ ಒಬ್ಬರನ್ನು ಕಳೆದುಕೊಂಡ ಗೆಳೆಯ ಮಾತ್ರ ನನ್ನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟ. ಅವನು ಸರಿ ಇದ್ದ.

ನಿಮ್ಮ ಮುಂದೆ ಮೂರು ದಾರಿ ಇದೆ. ಸಾವು ಕಥೆಗೆ ಬೇಕೇ ಬೇಕು ಅಂದರೆ ಅದು ರಂಗದ ಹೊರಗೆ ಆಗಲಿ. ಹೇಗೆ ಅಂತ ತೋರಿಸಬಾರದು, ವಿವರಿಸಲೂ ಬಾರದು. ಅದಕ್ಕೆ ಮೊದಲು ಅವನು ಯಾರ ಹತ್ತಿರವಾದರೂ ಮಾತಾಡಲು ನೋಡಿದ್ದು, ಅವರು ಕೇಳಿಸಿಕೊಳ್ಳದೆ ಹೋದದ್ದು ಇರಬೇಕು. ಹಾಗಾದರೆ ಜನ ಮನೆಗೆ ಹೋಗಿ ತಮ್ಮ ಹುಡುಗರನ್ನು ಮಾತಾಡಿಸುತ್ತಾರೆ. ಇದರಲ್ಲೂ ಅಪಾಯ ಪೂರ್ತಿ ಹೋಗುವುದಿಲ್ಲ. ಎರಡನೆಯ ದಾರಿ, ಅವನು ಕೋವಿ ತೆಗೆದುಕೊಂಡು ಹೊರಡುವಾಗ ಯಾರೋ ಕಂಡು ಪಕ್ಕದಲ್ಲಿ ಕೂರುತ್ತಾರೆ, ಬೆಳಗಾಗುವ ತನಕ ಕೂತಿರುತ್ತಾರೆ. ಇದು ಸರಿಯಾಗಿ ಬರದಿದ್ದರೆ ಸುಲಭದ ಸಮಾಧಾನದ ಹಾಗೆ ಕಾಣುತ್ತದೆ. ಅದಕ್ಕೆ ಸಾಲವೂ ಹುಳುವೂ ಹಾಗೇ ಉಳಿಯಬೇಕು, ಹುಡುಗ ಮಾತ್ರ ಉಳಿಯಬೇಕು. ಮೂರನೆಯದು, ಸಾಯುವವರು ಅಪ್ಪ. ವಯಸ್ಸಾಗಿ, ಮಲಗಿದಲ್ಲೇ. ನನಗೆ ಈ ಮೂರರಲ್ಲಿ ಎರಡನೆಯದೂ ಮೂರನೆಯದೂ ಸೇರಿದರೆ ಚೆನ್ನ ಅನ್ನಿಸುತ್ತದೆ. ಯಾವುದನ್ನು ಆರಿಸಿದರೂ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಕರಪತ್ರದಲ್ಲಿ ಹಾಕಿ, ಶುರುವಿನಲ್ಲೂ ಕೊನೆಯಲ್ಲೂ ಹೇಳಿ. ಕನ್ನಡದಲ್ಲೂ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ. ನಿಮ್ಮ ನಟರಿಗೂ ಹೇಳಿ. ಇಂಥ ಪಾತ್ರ ದಿನಾ ಮಾಡುವ ಹುಡುಗನನ್ನು ರಿಹರ್ಸಲ್ ಮುಗಿದ ಮೇಲೆ ಒಬ್ಬನೇ ಮನೆಗೆ ಕಳಿಸಬೇಡಿ.

ನಿಜವಾದ ಕೋವಿ ಬೇಡವೇ ಬೇಡ. ಖಾಲಿ ಇದೆ ಅಂತ ನೋಡಿಕೊಂಡಿದ್ದೇವೆ ಅಂದರೂ ಬೇಡ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ನಿಜ. ಅದು ಮನೆಯಲ್ಲಿ ಇಟ್ಟುಕೊಳ್ಳಲು, ನಾಟಕದಲ್ಲಿ ಇನ್ನೊಬ್ಬನ ಎದೆಗೆ ಗುರಿ ಇಡಲು ಅಲ್ಲ. ಗುಂಡಿಲ್ಲದ ಬರೀ ಮದ್ದಿನ ತೋಟಾ ಹತ್ತಿರದಿಂದ ಸಿಡಿದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಮರದಲ್ಲಿ ಕೆತ್ತಿಸಿ ಬಣ್ಣ ಹಚ್ಚಿ. ಮೂರನೇ ಸಾಲಿನಿಂದ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸದ್ದಿಗೆ ಎರಡು ಹಲಗೆ ಸಾಕು. ಒಂದು ಕೊನೆಗೆ ಕೀಲು ಹಾಕಿ, ಇನ್ನೊಂದು ಕೊನೆ ಬಿಡಿಸಿ ಜೋರಾಗಿ ಬಡಿಯಬೇಕು. ಇದನ್ನು ಬರೆಯುತ್ತಿರುವಾಗ ನನಗೆ ಒಂದು ಯೋಚನೆ ಬಂತು. ನಿಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು. ಕತ್ತಲೆಯಲ್ಲಿ ಒಂದು ಸದ್ದಿನಿಂದ ನಾಟಕ ಶುರು ಮಾಡಿ. ಚಿಕ್ಕ ಮಗ ಹುಟ್ಟಿದ. ಕೊನೆಯಲ್ಲಿ ಎರಡು. ಅಪ್ಪ ಹೋದರು. ನಡುವೆ ಒಬ್ಬ ಮನುಷ್ಯನ ಇಡೀ ಲೆಕ್ಕ ಬಂದುಹೋಗುತ್ತದೆ. ಕೊಡಗಿನ ಸಭೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಊರಲ್ಲಿ ಆಡಿದರೆ ಮಾತ್ರ ಮೊದಲೇ ಯಾರ ಬಾಯಲ್ಲಾದರೂ ಈ ಪದ್ಧತಿ ತಿಳಿಯುವ ಹಾಗೆ ಮಾಡಿ.

ನಮ್ಮ ಮನೆ ಕಥೆ ಅಂತ ಕೋಪ ಮಾಡಿಕೊಂಡವರ ಹತ್ತಿರ ನೀವೇ ಹೋಗಿ. ಫೋನ್ ಬೇಡ. ಸ್ಕ್ರಿಪ್ಟ್ ಹಿಡಿದುಕೊಂಡು ಹೋಗಿ ಓದಿ ಹೇಳಿ. ಯಾವುದು ನೋಯಿಸಿತು ಅಂತ ಕೇಳಿ. ಎಷ್ಟೋ ಸಲ ಅದು ಒಂದು ಸಣ್ಣ ವಿವರ ಆಗಿರುತ್ತದೆ: ಒಂದು ಜೀಪಿನ ಬಣ್ಣ, ಒಬ್ಬರ ಕುಂಟು ನಡಿಗೆ. ಬದಲಿಸಿ. ಮಕ್ಕಳ ಸಂಖ್ಯೆ, ಊರಿನ ಗುರುತು, ಸಾವಿನ ಕಾರಣ, ಇವು ಬೇರೆ ಆದರೆ ಕಥೆಗೆ ನಷ್ಟವಿಲ್ಲ. ಪಾತ್ರಗಳಿಗೆ ಮನೆತನದ ಹೆಸರು ಇಡಬೇಡಿ. ನೀವು ಕಲ್ಪಿಸಿ ಇಟ್ಟ ಹೆಸರಿನ ಒಕ್ಕ ನಾಲ್ಕು ಊರಿನ ಆಚೆ ನಿಜವಾಗಿ ಇರುತ್ತದೆ. "ಐನ್‌ಮನೆ" ಅಂದರೆ ಸಾಕು. ಕಾನೂನಿನ ಭಯವೂ ಸುಳ್ಳಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಯದು. ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ತೀರಿಕೊಂಡವರ ಹೆಸರು ಕೆಡಿಸಿದರೂ ಅದು ಅನ್ವಯ ಆಗಬಹುದು. ಆದರೆ ಕೋರ್ಟಿಗೆ ಹೆದರಿ ಹೋಗಬೇಡಿ. ಅದೇ ಊರಲ್ಲಿ ನೀವು ಅವರ ಮಕ್ಕಳಿಗೆ ಪಾಠ ಮಾಡಬೇಕು. ಅದಕ್ಕಾಗಿ ಹೋಗಿ.

ಉಳಿದದ್ದು ಸಣ್ಣಪುಟ್ಟ. ಎರಡೂವರೆ ಗಂಟೆಯನ್ನು ಒಂದೂವರೆಗೆ ಇಳಿಸಿ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಅದಕ್ಕಿಂತ ಮುಖ್ಯ, ಜನ ಆನೆ ಓಡಾಡುವ ದಾರಿಯಲ್ಲಿ ಮನೆಗೆ ಹೋಗಬೇಕು. ಆರಕ್ಕೆ ಶುರು ಮಾಡಿದರೆ ಎಂಟರ ಒಳಗೆ ಎಲ್ಲರೂ ಜೀಪು ಹತ್ತುತ್ತಾರೆ. ಕೊಯ್ಲಿನ ತಿಂಗಳಲ್ಲಿ ದಿನ ಇಡಬೇಡಿ, ಯಾರೂ ಬರುವುದಿಲ್ಲ. ಏಪ್ರಿಲ್ ಮೇ ಕೂಡ ಬೇಡ, ಆಗ ಮದುವೆಗಳು, ಕೊಡವ ಕುಟುಂಬಗಳ ಹಾಕಿ ಹಬ್ಬ.

ಮೊದಲು ಮರದ ವ್ಯಾಪಾರಿಯ ದೃಶ್ಯ ಒಂದನ್ನೇ ಬರೆದು ಆಡಿ ನೋಡಿ. ದೊಡ್ಡಪ್ಪನವರನ್ನು ಶಾಲೆಗೆ ಕರೆದು ಕುರ್ಚಿ ಹಾಕಿ ಕೂರಿಸಿ. ಮಗ ಪಡುವಣ ಬದಿಯ ಸಾಲು ಬೇಡ ಅಂದಾಗ, ಅಪ್ಪ ಸುಮ್ಮನೆ ನಿಂತಾಗ, ನೀವು ನಟರನ್ನು ನೋಡಬೇಡಿ. ದೊಡ್ಡಪ್ಪನ ಮುಖ ನೋಡಿ. ಆಮೇಲೆ ನನಗೆ ಬರೆಯಿರಿ.